ಯಾರ ಹೆಸರಿನಲ್ಲಿ ಕೈ ಮುಗಿಯಲಿ

ನಮ್ಮ ಊರು ಹೊಳಲು. ಮಂಡ್ಯಕ್ಕೆ ಅನತಿದೂರದಲ್ಲಿ, ಕನ್ನಂಬಾಡಿಯ ನಾಲೆಯ ಸೀಮೆಯಲ್ಲಿ, ಕಬ್ಬು ಬತ್ತಗಳ ಹಸುರಿನ ನಡುವೆ ಇರುವ ಈ ಗ್ರಾಮದ ಹೆಸರಿಗೆ ಅರ್ಥವೇನೆಂದು ಕೇಳಿದವರಿಗೆ ನಾನು ಹೇಳುವ ಉತ್ತರವು ಮೊದಲು ಕೊಂಚ ಅತಿಶಯೋಕ್ತಿಯಂತೆ ತೋರುವುದುಂಟು: ಹಳಗನ್ನಡದಲ್ಲಿ ‘ಪೊೞಲ್’ ಎಂದರೆ ಪಟ್ಟಣ, ನಗರ, ಆ ಶಬ್ದದ ಪಕಾರವು ಹಕಾರವಾಗಿ, ೞಕಾರವು ಳಕಾರವಾಗಿ, ಕಡೆಯಲ್ಲಿ ಒಂದು ಉಕಾರವು ಬಂದು ಸೇರಿ, ಹೊಳಲು ಆಯಿತು. ನಗರವೆಂಬ ಹೆಸರನ್ನು ಹೊತ್ತ ಹಳ್ಳಿಯಲ್ಲಿ ಹುಟ್ಟಿ, ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಕನ್ನಡ ವ್ಯಾಕರಣವನ್ನು ಬೋಧಿಸುವುದರಲ್ಲಿ ಕಳೆದ ನನಗೆ, ಹೆಸರಿಗೂ ವಸ್ತುವಿಗೂ ಇರುವ ಸಂಬಂಧವೆಂಥದೆಂಬ ಪ್ರಶ್ನೆಯು ಹೊಸದಲ್ಲ. ಆದರೆ ಕಳೆದ ಮಾರ್ಗಶಿರ ಮಾಸದ ಒಂದು ಶನಿವಾರ, ರಾತ್ರಿಯ ಊಟ ಮುಗಿಯುವ ಹೊತ್ತಿಗೆ, ನನ್ನ ಮೊಮ್ಮಗಳು ದೂರವಾಣಿಯಲ್ಲಿ ಕೇಳಿದ ಒಂದು ಮಾತು ಆ ಪ್ರಶ್ನೆಯನ್ನು ಪಾಠಶಾಲೆಯ ಕರಿಹಲಗೆಯಿಂದ ಎತ್ತಿ ದೇವರ ಮನೆಯ ಹೊಸ್ತಿಲಿಗೆ ತಂದು ನಿಲ್ಲಿಸಿತು.

ಅವಳು ಜರ್ಮನಿಯಲ್ಲಿ ನೀರಾವರಿಗೆ ಸಂಬಂಧಪಟ್ಟ ಎಂಜಿನಿಯರಿಂಗ್ ವ್ಯಾಸಂಗದಲ್ಲಿರುವಳು. ವಾರದ ಕಡೆಯ ಎರಡು ದಿನಗಳ ಬಿಡುವಿನಲ್ಲಿ ಸಹಪಾಠಿಗಳಿಬ್ಬರೊಡನೆ ಮ್ಯಾಡ್ರಿಡ್ ನಗರಕ್ಕೆ ಹಾರಿ, ಅಲ್ಲಿಂದ ರೈಲಿನಲ್ಲಿ ಅರ್ಧ ಗಂಟೆಯ ಹಾದಿಯಾದ ಟೊಲೆಡೊವನ್ನು ನೋಡಲು ಹೋಗಿದ್ದಳು. ಆ ಊರು ಹೇಗಿದೆಯೆಂದು ನಾನು ಕೇಳಿದುದಕ್ಕೆ, “ಶ್ರೀರಂಗಪಟ್ಟಣನ ಎತ್ತಿ ಬೆಟ್ಟದ ಮೇಲಿಟ್ಟಂಗೆ ಅದೆ ತಾತ” ಎಂದಳು. ಇದಕ್ಕಿಂತ ಚೆನ್ನಾಗಿ ಯಾವ ಪ್ರವಾಸಗ್ರಂಥವೂ ನನಗೆ ಅದನ್ನು ತೋರಿಸಲಾರದು: ಶ್ರೀರಂಗಪಟ್ಟಣವನ್ನು ಕಾವೇರಿಯು ಎರಡು ತೋಳುಗಳಿಂದ ಬಳಸಿರುವಂತೆ, ಟೊಲೆಡೊವನ್ನು ತಾಹೊ ಎಂಬ ನದಿಯು ಮೂರು ಕಡೆಯಿಂದ ಆಳವಾದ ಕಮರಿಯಲ್ಲಿ ಸುತ್ತುವರಿದು ಹರಿಯುತ್ತದೆ, ನಡುವೆ ಬಂಡೆಯ ಗುಡ್ಡ, ಗುಡ್ಡದ ಮೇಲೆ ಒಂದರ ಹೆಗಲಮೇಲೊಂದು ಏರಿ ಕುಳಿತ ಮನೆಗಳು. ವಿಸಿಗೋಥರೆಂಬ ಅರಸರ ರಾಜಧಾನಿಯಾಗಿದ್ದ ಈ ಪಟ್ಟಣವು 8ನೆಯ ಶತಮಾನದ ಆದಿಯಲ್ಲಿ ಅರಬರ ಕೈಸೇರಿ, 1085ರಲ್ಲಿ ಆರನೆಯ ಅಲ್ಫೋನ್ಸೊ ಎಂಬ ಕ್ರೈಸ್ತ ದೊರೆಗೆ ವಶವಾಯಿತು. ಕ್ರೈಸ್ತರು, ಮುಸಲ್ಮಾನರು, ಯಹೂದಿಗಳು ಈ ಮೂವರೂ ಅಲ್ಲಿಯ ಇಕ್ಕಟ್ಟಾದ ಓಣಿಗಳಲ್ಲಿ ಶತಮಾನಗಳ ಕಾಲ ಒಬ್ಬರ ಗೋಡೆಗೊಬ್ಬರು ಒತ್ತಿಕೊಂಡು ಬಾಳಿದರು.

ಆ ಊರಿನ ಪಡುವಣ ಭಾಗದ ಹಳೆಯ ಯಹೂದಿ ಕೇರಿಯಲ್ಲಿ ಒಂದು ಮಂದಿರವಿದೆ. ಹೊರಗಿನಿಂದ ನೋಡಿದರೆ ಸಾಮಾನ್ಯವಾದ ಇಟ್ಟಿಗೆಯ ಕಟ್ಟಡ. ಒಳಗೆ ಕಾಲಿಟ್ಟರೆ, ಎಂಟು ಮೂಲೆಯ ಬಿಳಿಯ ಕಂಬಗಳ ಸಾಲುಗಳೂ, ಅವುಗಳ ನೆತ್ತಿಯಲ್ಲಿ ಗಾರೆಯಿಂದ ಕಡೆದ ಪೈನ್ ಮರದ ಕಾಯಿಗಳೂ, ಕಂಬದಿಂದ ಕಂಬಕ್ಕೆ ಹಾರಿದ ಕುದುರೆಯ ಲಾಳದಾಕಾರದ ಕಮಾನುಗಳೂ ಸೇರಿ, ಹುಣ್ಣಿಮೆಯ ರಾತ್ರಿ ತೆಂಗಿನ ತೋಟದಲ್ಲಿ ನಿಂತ ಹಾಗೆ ಭಾಸವಾಯಿತೆಂದು ಹುಡುಗಿಯು ವರ್ಣಿಸಿದಳು. ಕ್ರೈಸ್ತ ಅರಸನ ಆಳ್ವಿಕೆಯ ಊರಿನಲ್ಲಿ, ಮುಸಲ್ಮಾನ ಶಿಲ್ಪದ ಕೈವಾಡದಲ್ಲಿ, ಯಹೂದಿಗಳು ತಮ್ಮ ದೇವರ ಪ್ರಾರ್ಥನೆಗೆಂದು 12ನೆಯ ಶತಮಾನದ ಕೊನೆಯ ಹೊತ್ತಿಗೆ ಕಟ್ಟಿಸಿಕೊಂಡ ಸಿನಗಾಗ್ ಅದು. 15ನೆಯ ಶತಮಾನದ ಆದಿಯಲ್ಲಿ ಅದನ್ನು ಅವರಿಂದ ತೆಗೆದುಕೊಂಡು ಇಗರ್ಜಿಯನ್ನಾಗಿ ಮಾಡಿದರು. ‘ಸಾಂತಾ ಮರಿಯಾ ಲಾ ಬ್ಲಾಂಕಾ’, ಎಂದರೆ ಬಿಳಿಯ ಸಂತ ಮರಿಯ, ಎಂಬ ಹೆಸರನ್ನು ಕೊಟ್ಟರು. ಅನಂತರ ಅದು ಸೈನಿಕರ ಬಿಡಾರವೂ ಆಯಿತು, ಉಗ್ರಾಣವೂ ಆಯಿತು. ಈಗ ಚೀಟಿ ಕೊಂಡು ನೋಡುವ ಸ್ಮಾರಕ.

“ಒಳಿಕ್ಕೆ ಹೋಗ್ತಿದ್ದಂಗೆ ಕೈ ತನಗ್ ತಾನೇ ಎದೆತಾವ್ಕೆ ಬಂತು ತಾತ. ಆಮೇಲೆ ಅಲ್ಲೇ ನಿಂತೋಯ್ತು. ಕೈ ಮುಗೀಬೇಕೋ ಬೇಡ್ವೋ ಗೊತ್ತಾಗ್ಲಿಲ್ಲ.”

ನಾನು ಒಂದು ಕ್ಷಣವೂ ಯೋಚಿಸದೆ, “ಮುಗಿ ಮಗ, ಅದಕ್ಕೇನು, ಎಲ್ಲಿ ಮುಗಿದರೂ ಅವನಿಗೇ ಸೇರುತ್ತೆ. ದೇವನೊಬ್ಬ ನಾಮ ಹಲವು” ಎಂದೆನು. ಈ ಮಾತನ್ನು ನಾನು ತರಗತಿಯಲ್ಲಿ ಎಷ್ಟು ಸಲ ಆಡಿರುವೆನೋ ಲೆಕ್ಕವಿಲ್ಲ. ಆ ಕಡೆಯಿಂದ ಸ್ವಲ್ಪ ಹೊತ್ತು ಮೌನ. ಆಮೇಲೆ ಅವಳು, ವಾದಕ್ಕೆಂದಲ್ಲ, ತನ್ನಷ್ಟಕ್ಕೆ ತಾನೇ ಹೇಳಿಕೊಳ್ಳುವವಳಂತೆ, “ಸೇರೋದು ಸರಿ ತಾತ. ಆದ್ರೆ ಮನೆಯೋರ್ನ ಓಡ್ಸಿಬುಟ್ಟವ್ರಲ್ಲ. ಯಾರ ಹೆಸರಲ್ಲಿ ಮುಗೀಲಿ?” ಎಂದಳು.

ಆ ರಾತ್ರಿ ನನಗೆ ನಿದ್ರೆಯು ಸುಲಭವಾಗಿ ಬರಲಿಲ್ಲ. ಹಿಂದಿನವರ ಆಧಾರವಿಲ್ಲದ ಮಾತನ್ನೇನೂ ನಾನು ಆಡಿರಲಿಲ್ಲ. ಮುಗಿಲಿನಿಂದ ಬಿದ್ದ ನೀರು ಕಡಲನ್ನು ಸೇರುವ ಹಾಗೆ ಸಕಲ ದೇವತೆಗಳಿಗೆ ಸಲ್ಲಿಸಿದ ನಮಸ್ಕಾರವೂ ಒಬ್ಬನಲ್ಲಿಗೇ ಹೋಗುವುದೆಂಬ ಭಾವವು ನಮ್ಮ ನಿತ್ಯಕರ್ಮದಲ್ಲಿಯೇ ಹೆಣೆದುಕೊಂಡಿದೆ. ಭಗವದ್ಗೀತೆಯ ಒಂಬತ್ತನೆಯ ಅಧ್ಯಾಯದಲ್ಲಿ ಅನ್ಯದೇವತೆಗಳ ಭಕ್ತರೂ ತನ್ನನ್ನೇ ಪೂಜಿಸುತ್ತಾರೆಂದು ಶ್ರೀಕೃಷ್ಣನು ಆಶ್ವಾಸನವನ್ನೀಯುತ್ತಾನೆ. ಆದರೆ ಅದೇ ಶ್ಲೋಕದ ಕಡೆಯಲ್ಲಿ, ಆ ಪೂಜೆಯು ವಿಧಿಪೂರ್ವಕವಾದುದಲ್ಲವೆಂಬ ಒಂದು ವಿಶೇಷಣವೂ ಉಂಟೆಂಬುದನ್ನು, ಸಭೆಗಳಲ್ಲಿ ಆ ಶ್ಲೋಕವನ್ನು ಉದಾಹರಿಸುವ ನಾವು ಅಷ್ಟಾಗಿ ನೆನೆಯುವುದಿಲ್ಲ. ಆ ಮಾತು ಔದಾರ್ಯದ ಮಾತೇ ಸರಿ. ಆದರೆ ಅದು ಮನೆಯೊಡೆಯನ ಔದಾರ್ಯ. ಬಂದವನನ್ನು ‘ನೀನೂ ನಮ್ಮವನೇ’ ಎಂದು ಬರಮಾಡಿಕೊಳ್ಳುವ ಒಡೆಯನು, ‘ಹಾಗಾದರೆ ನೀನು ನಮ್ಮವನಾಗು’ ಎಂದು ಅತಿಥಿಯು ತಿರುಗಿ ಹೇಳಿದರೆ ಅಷ್ಟೇ ಸಂತೋಷದಿಂದ ಒಪ್ಪುವನೇ ಎಂಬುದು ವಿಚಾರಣೀಯ.

ಇನ್ನು ಆ ನೀರಿನ ದೃಷ್ಟಾಂತ. ಕಡಲಿನಿಂದ ದೂರವಿದ್ದು, ಕಟ್ಟಿನ ನೀರಿನಲ್ಲಿ ಬದುಕುವ ನಾಲೆಯ ಸೀಮೆಯವರಾದ ನಮಗೆ ಅದು ಪೂರ್ತಿಯಾಗಿ ಒಗ್ಗುವುದಿಲ್ಲ. ಕನ್ನಂಬಾಡಿಯಲ್ಲಿ ನಿಂತ ಕಾವೇರಿಯು ನಾಲೆಗೆ ಇಳಿದು, ನಾಲೆಯಿಂದ ತೂಬಿಗೆ, ತೂಬಿನಿಂದ ಕಾಲುವೆಗೆ, ಕಾಲುವೆಯಿಂದ ಒಬ್ಬೊಬ್ಬನ ಗದ್ದೆಯ ಬದುವಿನ ಕಂಡಿಗೆ ಬರುವಾಗ, ಅದು ಒಂದೇ ಕಾವೇರಿಯೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೂ ಕಟ್ಟು ಪದ್ಧತಿಯಲ್ಲಿ ನೀರು ಬಿಟ್ಟ ದಿನಗಳಲ್ಲಿ, ನೀರುಗಂಟಿಯ ಕಣ್ಣು ತಪ್ಪಿಸಿ, ನೆರೆಯವನ ಸರದಿಯ ನೀರನ್ನು ರಾತ್ರೋರಾತ್ರಿ ತನ್ನ ಕಬ್ಬಿಗೆ ತಿರುಗಿಸಿಕೊಂಡವನು, ಬೆಳಗ್ಗೆ ಕೇಳಲು ಬಂದವನಿಗೆ ‘ಎಲ್ಲ ಕಾವೇರಿಯೇ ಅಲ್ಲವೆ’ ಎಂದು ಉತ್ತರ ಕೊಟ್ಟರೆ, ನಮ್ಮ ಊರಿನ ಪಂಚಾಯಿತಿಯ ಕಟ್ಟೆಯಲ್ಲಿ ಅದನ್ನು ವೇದಾಂತವೆಂದು ಒಪ್ಪುವವರು ಒಬ್ಬರೂ ಇಲ್ಲ. ಮಾತು ಸತ್ಯ, ಅದನ್ನು ಆಡಿದ ಬಾಯಿ ತಪ್ಪು.

ಟೊಲೆಡೊದಲ್ಲಿ ಆದುದು ಇದಕ್ಕೆ ಸಮೀಪವಾದುದು ಎಂದು ನನಗೆ ತೋರುತ್ತದೆ. ಮೊದಲು ಆ ಊರಿನ ಇನ್ನೊಂದು ಮುಖವನ್ನು ನೋಡಬೇಕು. ಏಕೆಂದರೆ ಹೆಸರುಗಳು ನಿರಾಯಾಸವಾಗಿ ಗಡಿಗಳನ್ನು ದಾಟಿ ಬಂದ ಊರು ಪ್ರಪಂಚದಲ್ಲಿ ಎಲ್ಲಿಯಾದರೂ ಇದ್ದರೆ ಅದು ಇದೇ. ಹುಡುಗಿಯು ಬೆಳಗ್ಗೆ ಕಾಫಿಗೆ ಸಕ್ಕರೆ ಬೇಕೆಂದು ಕೇಳಲು ಹೋಗಿ, ಅಲ್ಲಿಯವರು ಅದನ್ನು ‘ಅಥೂಕರ್’ ಎನ್ನುವುದನ್ನು ಕೇಳಿ ಬೆರಗಾದಳಂತೆ. ಬೆರಗೇಕೆ? ಸಂಸ್ಕೃತದ ‘ಶರ್ಕರಾ’ ಪಾರಸಿಯಲ್ಲಿ ‘ಶಕರ್’ ಆಗಿ, ಅರಬ್ಬಿಯಲ್ಲಿ ‘ಸುಕ್ಕರ್’ ಆಗಿ, ಅರಬರು ಸ್ಪೇನಿಗೆ ಒಯ್ದ ಕಬ್ಬಿನೊಡನೆ ಅಲ್ಲಿಗೆ ಹೋಗಿ ಈ ರೂಪವನ್ನು ತಾಳಿತು. ನಮ್ಮ ‘ಸಕ್ಕರೆ’ಯೂ ಅದೇ ಶರ್ಕರೆಯ ತದ್ಭವ. ಸಕ್ಕರೆಯ ಸೀಮೆಯ ಹುಡುಗಿಗೆ ಅದು ದಾಯಾದಿಯ ಹೆಸರೇ ಹೊರತು ಪರಕೀಯವಲ್ಲ. ಚದುರಂಗವು ಹಾಗೆಯೇ ಹೋಯಿತು. ನಾರಂಗವು ‘ನರಂಹ’ ಆಯಿತು. ನಮ್ಮ ಅಂಕಿಗಳು ಅರಬರ ಕೈದಾಟಿ 976ರ ವೇಳೆಗೇ ಸ್ಪೇನಿನ ಕ್ರೈಸ್ತ ಮಠವೊಂದರ ಹಸ್ತಪ್ರತಿಯಲ್ಲಿ ಬಂದು ಕುಳಿತವು. ಟೊಲೆಡೊದಲ್ಲಿಯಂತೂ 12ನೆಯ ಶತಮಾನದಲ್ಲಿ ಕ್ರೆಮೋನಾದ ಜೆರಾರ್ಡನೇ ಮೊದಲಾದ ಪಂಡಿತರು ಅರಬ್ಬಿಯ ಶಾಸ್ತ್ರಗ್ರಂಥಗಳನ್ನು ಲ್ಯಾಟಿನ್ ಭಾಷೆಗೆ ಪರಿವರ್ತಿಸುವ ಕಾರ್ಯವನ್ನೇ ತಪಸ್ಸಾಗಿ ಕೈಗೊಂಡರು. ನಮ್ಮ ಪಂಚತಂತ್ರವು ಪಹ್ಲವಿಗೆ, ಅಲ್ಲಿಂದ ಅರಬ್ಬಿಗೆ ಹೋಗಿ, 1251ರಲ್ಲಿ ಸ್ಪೇನಿನ ಕ್ಯಾಸ್ಟೀಲಿಯನ್ ಭಾಷೆಗೆ ಇಳಿಯಿತು; ಅದಕ್ಕೆ ಎರಡು ಶತಮಾನಗಳಿಗೂ ಹಿಂದೆ, ಚಾಲುಕ್ಯ ಜಗದೇಕಮಲ್ಲನ ಆಶ್ರಯದಲ್ಲಿದ್ದ ದುರ್ಗಸಿಂಹನು ಅದನ್ನು ಕನ್ನಡಕ್ಕೆ ತಂದಿದ್ದನು. ಕರಟಕ ದಮನಕರೆಂಬ ಆ ನರಿಗಳು ಅರಬ್ಬಿಯ ದಾರಿಯಲ್ಲಿ ಕಲೀಲ, ದಿಮ್ನ ಎಂದಾದವು. ನರಿಯ ಹೆಸರು ಬದಲಾಯಿತೆಂದು ಯಾರೂ ಕಣ್ಣೀರಿಡಲಿಲ್ಲ, ಯಾರೂ ಊರು ಬಿಡಲಿಲ್ಲ.

ಕಥೆಯ ಹೆಸರು, ಸಕ್ಕರೆಯ ಹೆಸರು, ಅಂಕಿಯ ಹೆಸರು ಹೀಗೆ ನೋವಿಲ್ಲದೆ ಬದಲಾದ ಅದೇ ಓಣಿಗಳಲ್ಲಿ, ದೇವರ ಹೆಸರಿನ ವಿಷಯಕ್ಕೆ ಬಂದಾಗ ಮಾತ್ರ ರಕ್ತವು ಹರಿಯಿತು. 1391ರಲ್ಲಿ ಸೆವಿಲ್ ನಗರದಲ್ಲಿ ಯಹೂದಿಗಳ ಮೇಲೆ ಎದ್ದ ದೊಂಬಿಯು ಊರಿಂದೂರಿಗೆ ಹಬ್ಬಿ ಟೊಲೆಡೊವನ್ನೂ ಮುಟ್ಟಿತು. ಪ್ರಾಣಭಯದಿಂದ ಅನೇಕರು ಕ್ರೈಸ್ತರಾದರು. ‘ಹೆಸರೊಂದನ್ನು ಬದಲಿಸಿದರೆ ಸಾಕು, ನೀವೂ ನಾವೂ ಒಂದೇ’ ಎಂಬ ಆಶ್ವಾಸನದ ಮೇಲೆ ಹೀಗೆ ಹೆಸರು ಬದಲಿಸಿಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಏನಾಯಿತೆಂದರೆ, 1449ರಲ್ಲಿ ಇದೇ ಟೊಲೆಡೊದಲ್ಲಿ, ಯಹೂದಿ ಮೂಲದ ಕ್ರೈಸ್ತರು ಊರಿನ ಯಾವ ಅಧಿಕಾರ ಸ್ಥಾನಕ್ಕೂ ಅರ್ಹರಲ್ಲವೆಂಬ ಕಟ್ಟಳೆಯು ಹುಟ್ಟಿತು. ರಕ್ತಶುದ್ಧಿಯೆಂಬ ಭಯಂಕರವಾದ ಕಲ್ಪನೆಯು ಮೊದಲು ಶಾಸನವಾದುದು ಅಲ್ಲಿ. ಹೆಸರು ಮುಖ್ಯವಲ್ಲವೆಂದು ಒತ್ತಾಯಿಸಿದವರಿಗೇ ಬದಲಾದ ಹೆಸರಿನಲ್ಲಿ ನಂಬಿಕೆಯಿರಲಿಲ್ಲ. ಕಡೆಗೆ 1492ರ ಮಾರ್ಚ್ 31ರ ರಾಜಾಜ್ಞೆಯು, ಹೆಸರು ಬಿಡಲೊಲ್ಲದ ಯಹೂದಿಗಳೆಲ್ಲರೂ ನಾಲ್ಕು ತಿಂಗಳೊಳಗೆ ದೇಶವನ್ನು ಬಿಡಬೇಕೆಂದು ವಿಧಿಸಿತು. ಮುಸಲ್ಮಾನರ ಸರದಿಯೂ ಮುಂದೆ ಬಂದಿತು. 1609ರಿಂದ 1614ರ ವರೆಗಿನ ವರ್ಷಗಳಲ್ಲಿ, ಕ್ರೈಸ್ತರಾಗಿ ಮೂರು ತಲೆಮಾರು ಕಳೆದಿದ್ದ ಅವರ ಸಂತತಿಯವರನ್ನೂ ಹೊರಗಟ್ಟಿದರು.

ಹಾಗೆ ಹೊರಟ ಯಹೂದಿಗಳು ಹೊಲ ಮನೆ ಅಂಗಡಿ ಸಮಾಧಿಗಳನ್ನೆಲ್ಲ ಬಿಟ್ಟು ಹೊರಟರು. ಬಿಡದೆ ಹೊತ್ತದ್ದು ಒಂದು ಹೆಸರನ್ನು, ಮತ್ತು ವಿಚಿತ್ರವೆಂದರೆ, ತಮ್ಮನ್ನು ಅಟ್ಟಿದವರ ಭಾಷೆಯನ್ನು. ಆ ಹಳೆಯ ಸ್ಪ್ಯಾನಿಷನ್ನು ಅವರ ಸಂತತಿಯವರು ತುರ್ಕಿಯ ಊರುಗಳಲ್ಲಿ ಐನೂರು ವರ್ಷ ಆಡಿಕೊಂಡು ಬಂದರು. ದೇವರ ಹೆಸರು ಬರಿಯ ಹೆಸರಾಗಿದ್ದರೆ, ಸಕ್ಕರೆಯ ಹಾಗೆ ಹೇಗೆ ಕರೆದರೂ ಸಿಹಿಯೇ ಆಗಿದ್ದರೆ, ಈ ಜನರೆಲ್ಲರೂ ಮೂಢರೆಂದು ಹೇಳಬೇಕಾಗುತ್ತದೆ. ನನ್ನ ‘ದೇವನೊಬ್ಬ ನಾಮ ಹಲವು’ ಎಂಬ ಮಾತಿನ ಕೆಳಗೆ ಈ ತಿರಸ್ಕಾರವು ಅಡಗಿದ್ದುದು ನನಗೆ ಎಪ್ಪತ್ತರ ಅಂಚಿನ ವರೆಗೆ ಕಾಣಲಿಲ್ಲವೆಂಬುದನ್ನು ನೆನೆದರೆ ವ್ಯಥೆಯಾಗುತ್ತದೆ.

ಕನ್ನಡದ ಮೇಷ್ಟರಾದವನು ಕತ್ತಲೆಯಲ್ಲಿ ತಡವರಿಸುವಾಗ ಕೈಗೆ ಸಿಕ್ಕುವುದು ವ್ಯಾಕರಣವೇ. ನಾವು ಹುಡುಗರಿಗೆ ವಿಭಕ್ತಿಗಳನ್ನು ಕಲಿಸುವಾಗ ಪ್ರಥಮಾ ವಿಭಕ್ತಿಯಿಂದ ಆರಂಭಿಸಿ, ಕಟ್ಟಕಡೆಯಲ್ಲಿ, ಹೊರಗೆ ನಿಂತ ನೆಂಟನನ್ನು ಒಳಕ್ಕೆ ಕರೆಯುವಂತೆ, ಸಂಬೋಧನೆಯನ್ನು ಸೇರಿಸುತ್ತೇವೆ. ಸಂಸ್ಕೃತ ವೈಯಾಕರಣರು ಅದಕ್ಕೆ ಬೇರೆ ವಿಭಕ್ತಿಯೆಂಬ ಸ್ಥಾನವನ್ನೇ ಕೊಡದೆ ಪ್ರಥಮೆಯಲ್ಲಿಯೇ ಅಡಗಿಸುವರು. ರೂಪದ ದೃಷ್ಟಿಯಿಂದ ಅದು ಸರಿಯಿರಬಹುದು. ಆದರೆ ಅನುಭವದಲ್ಲಿ, ‘ಅವ್ವ ಬಂದಳು’ ಎಂಬುದಕ್ಕೂ ‘ಅವ್ವಾ!’ ಎಂಬುದಕ್ಕೂ ಇರುವ ಅಂತರವು ಎರಡು ಲೋಕಗಳ ಅಂತರ. ಮೊದಲನೆಯದು ಒಬ್ಬಳನ್ನು ಕುರಿತು ಇನ್ನೊಬ್ಬರಿಗೆ ಹೇಳುವ ಮಾತು. ಅಲ್ಲಿ ಅವ್ವ ಎಂಬುದರ ಬದಲು ತಾಯಿ ಎಂದರೂ, ಮಾತೆ ಎಂದರೂ, ಅವಳ ಹೆಸರನ್ನೇ ಹೇಳಿದರೂ ಅರ್ಥವು ಕೆಡುವುದಿಲ್ಲ. ಎರಡನೆಯದು ಅವಳನ್ನೇ ಕುರಿತು ಕತ್ತಲಲ್ಲಿ ಹೆದರಿದ ಮಗುವು ಕೂಗುವ ಕೂಗು; ಆ ಕ್ಷಣದಲ್ಲಿ ಅದರ ಬಾಯಿಗೆ ಬರುವ ಶಬ್ದವು ಒಂದೇ, ಅದಕ್ಕೆ ಪರ್ಯಾಯಪದವಿಲ್ಲ. ದೇವನೊಬ್ಬನೆಂಬುದು ಪ್ರಥಮಾ ವಿಭಕ್ತಿಯ ಸತ್ಯ. ತತ್ತ್ವಜ್ಞಾನಿಯು ದೇವರನ್ನು ಕುರಿತು ಆಡುವ ಮಾತು. ಭಕ್ತನು ದೇವರನ್ನು ಕುರಿತು ಆಡುವವನಲ್ಲ, ದೇವರೊಡನೆ ಆಡುವವನು; ಅವನಿರುವುದು ಸಂಬೋಧನೆಯಲ್ಲಿ. ಅಲ್ಲಿ ಹೆಸರನ್ನು ಕಿತ್ತುಕೊಂಡರೆ ಕೂಗನ್ನೇ ಕಿತ್ತುಕೊಂಡಂತೆ.

ಇದಕ್ಕೆ ಸಾಕ್ಷಿಯನ್ನು ಹುಡುಕಿಕೊಂಡು ಸ್ಪೇನಿಗೆ ಹೋಗಬೇಕಾದುದಿಲ್ಲ. ಕಲ್ಯಾಣದಲ್ಲಿ ಒಂದೇ ಶಿವನನ್ನು ನಂಬಿ ಒಂದೆಡೆ ನೆರೆದ ಶರಣರು ತಮ್ಮ ವಚನಗಳ ಕಡೆಯಲ್ಲಿ ಇಟ್ಟ ಅಂಕಿತಗಳನ್ನು ನೋಡಿದರೆ ಸಾಕು. ಬಸವಣ್ಣನವರು ಕೂಡಲಸಂಗಮದೇವನನ್ನು, ಅಲ್ಲಮಪ್ರಭುವು ಗುಹೇಶ್ವರನನ್ನು, ಅಕ್ಕಮಹಾದೇವಿಯು ಚೆನ್ನಮಲ್ಲಿಕಾರ್ಜುನನನ್ನು ಕರೆದರು. ಸಿದ್ಧಾಂತದಲ್ಲಿ ಮೂವರೂ ಒಬ್ಬನೇ ಎಂಬುದನ್ನು ಅವರಿಗಿಂತ ಹೆಚ್ಚಾಗಿ ಬಲ್ಲವರು ಯಾರು? ಆದರೂ ಅಕ್ಕನು ಒಂದು ದಿನವಾದರೂ ಮರೆತು ಗುಹೇಶ್ವರನೆಂದು ಕರೆಯಲಿಲ್ಲ. ಕರೆಯೆಂದು ಅವಳಿಗೆ ಹೇಳುವ ಧೈರ್ಯವು ಪ್ರಭುದೇವನಿಗೂ ಬರುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಅವರ ಐಕ್ಯವು ಹೆಸರುಗಳನ್ನು ಕರಗಿಸಿ ಮಾಡಿದ ಐಕ್ಯವಾಗಿರಲಿಲ್ಲ.

ಹಾಗಾದರೆ ಹೆಸರನ್ನು ಬಿಟ್ಟುಕೊಡುವುದು ಎಂದಿಗೂ ಸಲ್ಲದೆ? ಟೊಲೆಡೊದ ಪ್ರಧಾನ ಇಗರ್ಜಿಯ ಗರ್ಭಗೃಹದಲ್ಲಿ, ಸಂತರ ಮತ್ತು ಅರಸರ ಶಿಲ್ಪಗಳ ಮಧ್ಯದಲ್ಲಿ, ಒಬ್ಬ ಮುಸಲ್ಮಾನ ಧರ್ಮಶಾಸ್ತ್ರಜ್ಞನ ವಿಗ್ರಹವಿದೆ. ಅದರ ಹಿಂದಿನ ಐತಿಹ್ಯವು ಹೀಗೆ: ಊರು ವಶವಾದಾಗ, ದೊಡ್ಡ ಮಸೀದಿಯು ಮುಸಲ್ಮಾನರಲ್ಲಿಯೇ ಉಳಿಯುವುದೆಂದು ಅಲ್ಫೋನ್ಸೊ ದೊರೆಯು ವಚನವಿತ್ತಿದ್ದನು, ಅವನು ಊರಿನಲ್ಲಿಲ್ಲದ ಸಮಯದಲ್ಲಿ ರಾಣಿಯೂ ಆರ್ಚ್‌ಬಿಷಪ್ಪನೂ ಸೇರಿ ಅದನ್ನು ವಶಪಡಿಸಿಕೊಂಡು ಇಗರ್ಜಿಯಾಗಿ ಮಾಡಿದರು, ತನ್ನ ಮಾತು ಮುರಿಯಿತೆಂದು ಕೆಂಡವಾಗಿ ಹಿಂದಿರುಗುತ್ತಿದ್ದ ದೊರೆಯನ್ನು ದಾರಿಯಲ್ಲಿಯೇ ಕಂಡ ಅಬು ವಲೀದನೆಂಬ ಆ ಶಾಸ್ತ್ರಜ್ಞನು, ತಪ್ಪಿತಸ್ಥರನ್ನು ಕ್ಷಮಿಸಬೇಕೆಂದೂ ತಾವು ಮಸೀದಿಯನ್ನು ಬಿಟ್ಟುಕೊಡುವೆವೆಂದೂ ಬೇಡಿಕೊಂಡನು. ಕೃತಜ್ಞತೆಯಿಂದ ಕ್ರೈಸ್ತರು ಅವನ ಪ್ರತಿಮೆಯನ್ನು ತಮ್ಮ ದೇವಸನ್ನಿಧಿಯಲ್ಲಿಯೇ ನಿಲ್ಲಿಸಿದರು. ಈ ಕಥೆಯನ್ನು ಓದಿದಾಗ ಮೊದಲು ನನ್ನ ಕಣ್ಣು ಒದ್ದೆಯಾಯಿತು. ಎರಡನೆಯ ಸಲ ಓದಿದಾಗ, ಇದನ್ನು ನಮಗೆ ಹೇಳಿದವರು ಪಡೆದುಕೊಂಡವರೇ ಹೊರತು ಬಿಟ್ಟುಕೊಟ್ಟವರಲ್ಲವೆಂಬುದು ಹೊಳೆಯಿತು. ಅಬು ವಲೀದನು ಆಡಿದ ಮಾತು ಸ್ಥಿತಪ್ರಜ್ಞನ ಮಾತೋ, ನಾಳೆ ತನ್ನವರ ಮೇಲೆ ತಿರುಗಬಹುದಾದ ಹಗೆಯನ್ನು ಕಂಡ ಹಿರಿಯನ ಭಯವೋ, ಅವನೊಬ್ಬನೇ ಬಲ್ಲನು. ದೇವರ ಮನೆಯ ಹೆಸರು ಮುಖ್ಯವಲ್ಲವೆಂಬ ಮಾತನ್ನು ಆಡುವ ಅಧಿಕಾರವು ಆ ಇಡೀ ಊರಿನಲ್ಲಿ ಯಾರಿಗಾದರೂ ಇದ್ದರೆ ಅದು ಅವನಿಗೆ ಮಾತ್ರ ಇದ್ದಿತು. ಬಿಡಬೇಕಾದವನು ಆಡಿದಾಗ ತ್ಯಾಗವೆನಿಸುವ ಮಾತೇ ಬಿಡಿಸಿಕೊಳ್ಳುವವನ ಬಾಯಲ್ಲಿ ಬಲಾತ್ಕಾರವಾಗುತ್ತದೆ.

ಟೊಲೆಡೊದ ದೊಂಬಿಗೆ ಇಪ್ಪತ್ತಮೂರು ವರ್ಷ ಮೊದಲು, 1368ರಲ್ಲಿ, ನಮ್ಮ ನಾಡಿನಲ್ಲಿ ಇಂಥದೇ ಒಂದು ವ್ಯಾಜ್ಯವು ವಿಜಯನಗರದ ಬುಕ್ಕರಾಯನ ಮುಂದೆ ಬಂದಿತು. ಶ್ರವಣಬೆಳಗೊಳದ ಶಾಸನವು ಅದನ್ನು ವಿಸ್ತಾರವಾಗಿ ಹೇಳುತ್ತದೆ. ಶ್ರೀವೈಷ್ಣವರಿಂದ ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ಮೊರೆಯಿಟ್ಟರು. ಎದುರುಪಕ್ಷದಲ್ಲಿದ್ದವರು ಅಲ್ಪರಲ್ಲ: ಶ್ರೀರಂಗ, ತಿರುಮಲೆ, ಕಂಚಿಗಳ ಆಚಾರ್ಯರೊಡನೆ ನಮ್ಮ ಜಿಲ್ಲೆಯ ಮೇಲುಕೋಟೆಯ, ಅಂದಿನ ತಿರುನಾರಾಯಣಪುರದ, ಶ್ರೀವೈಷ್ಣವರೂ ಇದ್ದರು. ಅರಸನು ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯೊಳಗಿಟ್ಟು, ವೈಷ್ಣವ ದರ್ಶನಕ್ಕೂ ಜೈನ ದರ್ಶನಕ್ಕೂ ಭೇದವಿಲ್ಲವೆಂದನು. ನಾವು ಇಲ್ಲಿಗೆ ನಿಲ್ಲಿಸಿ ಹೆಮ್ಮೆಪಡುವುದು ವಾಡಿಕೆ. ಆದರೆ ಶಾಸನದ ಸತ್ತ್ವವಿರುವುದು ಮುಂದಿನ ಮಾತುಗಳಲ್ಲಿ. ಭೇದವಿಲ್ಲವಾದುದರಿಂದ ಬಸದಿಗಳು ಬೇಡವೆಂದು ಅವನು ಹೇಳಲಿಲ್ಲ. ಜೈನರಿಗೆ ಅವರ ಪಂಚಮಹಾವಾದ್ಯಗಳೂ ಕಲಶವೂ ಹಿಂದಿನಂತೆಯೇ ಸಲ್ಲಬೇಕು. ಅವರಿಗಾದ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮದೆಂದೇ ಎಣಿಸಬೇಕು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ಹಣದಂತೆ ತಿರುಮಲೆಯ ತಾತಯ್ಯನವರು ಎತ್ತಿಸಿ, ಅದರಿಂದ ಬೆಳಗೊಳದ ಗೊಮ್ಮಟದೇವರಿಗೆ ಇಪ್ಪತ್ತು ಮಂದಿ ಅಂಗರಕ್ಷಕರನ್ನು ನೇಮಿಸಿ, ಉಳಿದುದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ ಹೊಡೆಸಬೇಕು. ವೈಷ್ಣವ ಆಚಾರ್ಯನು ಬಸದಿಗೆ ಸುಣ್ಣ ಹೊಡೆಸಬೇಕು! ಐಕ್ಯವನ್ನು ಬಾಯಲ್ಲಿ ಸಾರಿದ ಅರಸನು ಭೇದವನ್ನು ಕಾಯುವ ಹೊರೆಯನ್ನು ಬಲಿಷ್ಠನ ಹೆಗಲಮೇಲೆ ಇರಿಸಿದನು.

ಆದರೆ ನಮ್ಮದೆಲ್ಲ ಬುಕ್ಕರಾಯನ ಕಥೆಯೇ ಎಂದು ಬೀಗುವಂತಿಲ್ಲ. ಹಿರೇಕೆರೂರು ಸೀಮೆಯ ಅಬ್ಬಲೂರಿನ ಶಾಸನವು, ಏಕಾಂತದ ರಾಮಯ್ಯನು ಪಣದಲ್ಲಿ ಜೈನರನ್ನು ಗೆದ್ದು ಜಿನಬಿಂಬವನ್ನು ಒಡೆದು ಶಿವನನ್ನು ಸ್ಥಾಪಿಸಿದುದನ್ನು ಯಾವ ಸಂಕೋಚವೂ ಇಲ್ಲದೆ ವರ್ಣಿಸುತ್ತದೆ. ಟೊಲೆಡೊವನ್ನು ನೋಡಿ ಬೆರಳೆತ್ತುವವನು ಅಬ್ಬಲೂರನ್ನೂ ನೆನೆಯಬೇಕು.

ಬಹಳ ವರ್ಷಗಳ ಹಿಂದೆ ಮದ್ದೂರು ಕಡೆಯ ಒಂದು ಹಳ್ಳಿಯ ಕೆರೆಯ ಏರಿಯ ಮೇಲೆ ನಾನು ಕಂಡ ದೃಶ್ಯವೊಂದು ಈ ದಿನಗಳಲ್ಲಿ ಪದೇ ಪದೇ ಕಣ್ಣಮುಂದೆ ಬರುತ್ತಿದೆ. ಆಲದ ಬೇರುಗಳ ನಡುವೆ, ಪದ್ಮಾಸನದಲ್ಲಿ ಕುಳಿತ ಒಂದು ಕಲ್ಲಿನ ಮೂರ್ತಿ. ಮುಖವು ಸವೆದು ಮೂಗು ಕಿವಿಗಳ ಗುರುತಷ್ಟೇ ಉಳಿದಿದ್ದರೂ, ತಲೆಯ ಮೇಲಿನ ಮುಕ್ಕೊಡೆಯಿಂದ ಅದು ಯಾವನೋ ತೀರ್ಥಂಕರನೆಂದು ತಿಳಿಯುತ್ತಿತ್ತು. ಕಬ್ಬು ಕಡಿಯುವ ಕೂಲಿಗೆ ಹೊರಟಿದ್ದ ಒಬ್ಬ ಹೆಂಗಸು, ಕುಡುಗೋಲನ್ನು ಏರಿಯ ಮೇಲಿಟ್ಟು, ಸೆರಗಿನ ತುದಿಯ ಗಂಟಿನಿಂದ ಚಿಟಿಕೆ ವಿಭೂತಿಯನ್ನು ತೆಗೆದು ಆ ಜಿನನ ಹಣೆಗೆ ಮೂರು ಬೆರಳಲ್ಲಿ ಎಳೆದು ಕೈ ಮುಗಿದಳು. ಮೇಷ್ಟರ ಬುದ್ಧಿ, ಸುಮ್ಮನಿರಲಾರದೆ, ಅದು ಯಾವ ದೇವರು ಗೊತ್ತೇನಮ್ಮ ಎಂದು ಕೇಳಿದೆನು. “ಯಾವ ದ್ಯಾವ್ರೋ ಕಾಣೆ ಸ್ವಾಮಿ. ಕುಂತವ್ನೆ. ಕುಂತಿರೋನ್ಗೆ ಕೈ ಮುಗೀದೆ ಹೆಂಗೆ ದಾಟ್ಕಂಡು ಹೋಗದು?” ಎಂದು ಹೇಳಿ ಕುಡುಗೋಲನ್ನೆತ್ತಿಕೊಂಡು ಹೋದಳು. ಅವಳು ಬಳಿದ ವಿಭೂತಿಯಲ್ಲಿ ಅಬ್ಬಲೂರಿನ ಲೇಶವೂ ಇರಲಿಲ್ಲ. ಅವಳು ಆ ಕಲ್ಲಿಗೆ ಯಾವ ಹೆಸರನ್ನೂ ಇಡಲಿಲ್ಲ, ಇದ್ದ ಹೆಸರನ್ನು ಅಳಿಸಲೂ ಇಲ್ಲ. ಅದು ಸಂಬೋಧನೆಯಿಲ್ಲದ ನಮಸ್ಕಾರ. ಅಂಥ ನಮಸ್ಕಾರವು ಅವಳಿಗೆ ಸಾಧ್ಯವಾದುದು ಅವಳು ಯಾರ ಮನೆಯನ್ನೂ ಕಿತ್ತುಕೊಂಡವಳಲ್ಲವಾದುದರಿಂದ ಎಂದು ಆಗ ನನಗೆ ತಿಳಿಯಲಿಲ್ಲ.

ಸ್ಪೇನಿನಿಂದಲೂ ಪೋರ್ಚುಗಲ್ಲಿನಿಂದಲೂ ಹೊರಬಿದ್ದ ಯಹೂದಿಗಳಲ್ಲಿ ಕೆಲವರು ಕಡಲಿನ ದಾರಿಯಾಗಿ ನಮ್ಮ ನೆರೆಯ ಕೊಚ್ಚಿಗೇ ಬಂದರು. ಅಲ್ಲಿಯ ಅರಸನು ಕೊಟ್ಟ ನೆಲದಲ್ಲಿ, ಅವನ ಅರಮನೆಯ ದೇವಾಲಯದ ಪಕ್ಕದಲ್ಲಿಯೇ, 1568ರಲ್ಲಿ ಅವರು ತಮ್ಮ ಸಿನಗಾಗನ್ನು ಕಟ್ಟಿಕೊಂಡರು. ಪರದೇಶಿ ಸಿನಗಾಗ್ ಎಂದೇ ಅದರ ಹೆಸರು. ಸಹೋಪಾಧ್ಯಾಯರೊಡನೆ ಒಮ್ಮೆ ನಾನು ಅದನ್ನು ನೋಡಲು ಹೋಗಿದ್ದಾಗ, ಬಾಗಿಲಲ್ಲಿ ಎಲ್ಲರೂ ಪಾದರಕ್ಷೆಗಳನ್ನು ಕಳಚಿ ಒಳಹೊಕ್ಕೆವು. ಬೇರೆ ದೇಶಗಳ ಯಹೂದಿಗಳಲ್ಲಿ ಆ ರೂಢಿಯು ಅಪರೂಪವಂತೆ. ಈ ನೆಲಕ್ಕೆ ಬಂದಮೇಲೆ ಅವರು ಅದನ್ನು ತಮ್ಮದಾಗಿ ಮಾಡಿಕೊಂಡರು. ಅಲ್ಲಿಯ ನೀಲಿ ಬಿಳಿಯ ಚೀನೀ ಹಾಸುಬಿಲ್ಲೆಗಳ ತಣ್ಪು ಅಂಗಾಲಿಗೆ ತಗುಲಿದುದು ಇಂದಿಗೂ ನೆನಪಿದೆ. ಹೆಸರನ್ನು ಯಾರೂ ಕೇಳದಿದ್ದೆಡೆಯಲ್ಲಿ ಅವರು ತಾವಾಗಿಯೇ ಚಪ್ಪಲಿಯನ್ನು ಬಿಟ್ಟರು.

ಮೊಮ್ಮಗಳು ಸಂಕ್ರಾಂತಿಯ ಹೊತ್ತಿಗೆ ರಜದಲ್ಲಿ ಊರಿಗೆ ಬಂದಳು. ಆ ದಿನ ತಡೆದುನಿಂತ ಕೈ ಕಡೆಗೆ ಏನಾಯಿತೆಂದು ಕೇಳಿದೆನು. “ಮುಗೀಲಿಲ್ಲ ತಾತ. ಕೆಳಿಕ್ಕೆ ಬಿಟ್ಕಂಡೆ. ಅಲ್ಲಿ ಬಂದೋರೆಲ್ಲ ಕಂಬಕ್ಕೆ ಒರಗಿ ಫೋಟೋ ತೆಗಿಸ್ಕತಿದ್ರು. ನಾನು ಮಾತ್ರ ಒರಗ್ಲಿಲ್ಲ” ಎಂದಳು. ಗುಡಿಯ ಕಂಬಕ್ಕೆ ಒರಗಬಾರದೆಂದು ಚಿಕ್ಕವಳಿದ್ದಾಗ ಅವಳ ಅಜ್ಜಿಯು ಗದರಿಸುತ್ತಿದ್ದುದುಂಟು. ನಾನು ನೆನೆದುಕೊಂಡಿದ್ದ ಶ್ಲೋಕಗಳಿಗಿಂತ ಆ ಗದರಿಕೆಯು ಅವಳಿಗೆ ಹೆಚ್ಚು ದೂರ ಜೊತೆಬಂದಿತ್ತು.

ಅವಳು ಟೊಲೆಡೊದಿಂದ ಒಂದು ಪೆಟ್ಟಿಗೆ ಮಿಠಾಯಿಯನ್ನು ತಂದಿದ್ದಳು. ‘ಮಥಪಾನ್’ ಎಂಬ ಅದನ್ನು ಬಾದಾಮಿಯ ಹಿಟ್ಟಿಗೆ ಸಕ್ಕರೆ ಬೆರಸಿ, ಮೀನು, ಚಿಪ್ಪು, ಅರೆಚಂದ್ರ ಮೊದಲಾದ ಆಕಾರಗಳಲ್ಲಿ ತಿದ್ದಿ, ಮೇಲ್ಭಾಗವು ಹೊಂಬಣ್ಣಕ್ಕೆ ತಿರುಗುವಂತೆ ಬೇಯಿಸುವರು. ಕನ್ಯಾಸ್ತ್ರೀಯರ ಒಂದು ಮಠದಲ್ಲಿ, ಗೋಡೆಯೊಳಗೆ ಕೂರಿಸಿದ ತಿರುಗುವ ಮರದ ಗೂಡಿನಲ್ಲಿ ದುಡ್ಡನ್ನಿಟ್ಟರೆ, ಒಳಗಿನಿಂದ ಯಾರದೋ ಕಾಣದ ಕೈ ಅದನ್ನು ತಿರುಗಿಸಿ ಈ ಪೆಟ್ಟಿಗೆಯನ್ನು ಕೊಟ್ಟಿತಂತೆ. ಅಚ್ಚಿನಲ್ಲಿ ಹೊಯ್ದ ನಮ್ಮ ಸಕ್ಕರೆಯ ಹಕ್ಕಿ, ಬಾಳೆಗೊನೆ, ತುಳಸಿಕಟ್ಟೆಗಳ ಪಕ್ಕದಲ್ಲಿ ಅವನ್ನು ಇರಿಸಿದಾಗ, ಒಂದೇ ಬೀದಿಯ ಮಕ್ಕಳು ಕೂಡಿ ಕುಳಿತಂತಿತ್ತು. ನನ್ನ ಮನೆಯಾಕೆಯು ಒಂದನ್ನೆತ್ತಿ ಬೆಳಕಿಗೆ ಹಿಡಿದು ನೋಡಿ, “ಮೊಟ್ಟೆಗಿಟ್ಟೆ ಹಾಕವ್ರೇನವ್ವ?” ಎಂದು ಕೇಳಿದಳು. “ಒಳಗಿಲ್ಲ ಅಜ್ಜಿ, ಮೇಲೆ ಬಣ್ಣ ಬರ್ಲಿ ಅಂತ ಸವರಿರ್ತಾರೆ” ಎಂದು ಹುಡುಗಿಯು ಮುಚ್ಚಿಡದೆ ಹೇಳಿದಳು. ಮನೆಯಾಕೆಯು ತಲೆಯಾಡಿಸಿ, ಪೆಟ್ಟಿಗೆಯನ್ನು ಜಗಲಿಯ ಮಂಚದ ಮೇಲಿಟ್ಟು, ಕೈ ತೊಳೆದುಕೊಂಡು, ಎಳ್ಳು ಬೆಲ್ಲವನ್ನೂ ಸಕ್ಕರೆಯ ಅಚ್ಚನ್ನೂ ಒಳಕ್ಕೆ ಒಯ್ದು, ಪ್ರತಿ ವರ್ಷದಂತೆ ದೇವರ ಮುಂದಿಟ್ಟು ದೀಪ ಹಚ್ಚಿದಳು. ಹೊರಗೆ ಹುಡುಗರು ಸಂಜೆ ದನಗಳನ್ನು ಹಾಯಿಸುವ ಕಿಚ್ಚಿಗೆಂದು ಬೀದಿಯ ಬಾಯಲ್ಲಿ ಹುಲ್ಲನ್ನು ಸುರಿಯುತ್ತಿದ್ದರು. ಮಂಗಳಾರತಿ ಮುಗಿಸಿ ಬಂದವಳು, ಬೆರಳ ತುದಿಯ ಕುಂಕುಮವು ಇನ್ನೂ ಆರದಿರುವಾಗಲೇ, ಮಂಚದ ಮೇಲಿನ ಪೆಟ್ಟಿಗೆಯಿಂದ ಆ ಬಾದಾಮಿಯ ಅರೆಚಂದ್ರವನ್ನೆತ್ತಿ ಮುರಿದು ಅರ್ಧವನ್ನು ನನ್ನ ಕೈಗಿಟ್ಟಳು, ಅರ್ಧವನ್ನು ತಾನು ಬಾಯಿಗೆ ಹಾಕಿಕೊಂಡಳು. “ನಮ್ಮ ಅಚ್ಚಿಗಿಂತ ಮೆತ್ತಗದೆ” ಎಂದು, ಉಳಿದುದನ್ನು ಎಳ್ಳಿನ ತಟ್ಟೆಯ ಒಂದು ಮೂಲೆಗೆ ಸುರಿದು, ಎಳ್ಳು ಬೀರಿ ಬರಲು ಮೊಮ್ಮಗಳನ್ನು ನೆರೆಮನೆಗೆ ಕಳುಹಿಸಿದಳು.